ಹುಮನಾಬಾದದ ಗೋಡೆಯವರಿಗೆ, ನಮ್ಮ ಮಾಳಿಗೆಯ ಮೇಲಿಂದ

ಕಲ್ಯಾಣಿ, ಬುಧವಾರ

ಹುಮನಾಬಾದ ಪೇಟೆಯ ಹೆಸರಾಂತ ಬಟ್ಟೆ ವ್ಯಾಪಾರಿಗಳೂ, ಅಲ್ಲಿನ ಫುಟ್‌ಬಾಲ್ ತಂಡದ ನಾಯಕರೂ, ಗೋಲಿನ ಮುಂದೆ ನಿಂತರೆ ನಮ್ಮ ಕೋಟೆಯ ಕಲ್ಲುಗಳಿಗೂ ನಾಚಿಕೆಯಾಗುವಂತೆ ನಿಲ್ಲುವವರೂ ಆದ ಅಬ್ದುಲ್ ಕರೀಂ ಸಾಹೇಬರಿಗೆ ಶಕುಂತಲಾಬಾಯಿ ಮಾಡುವ ಸಲಾಮುಗಳು.

ಮಾನ್ಯರೇ,

ತಾವೂ ತಮ್ಮ ಸಂಗಡಿಗರೂ ಕ್ಷೇಮವಾಗಿರುವಿರೆಂದೂ, ಕಳೆದ ಆಟದಲ್ಲಿ ನಾನು ನೋಡಿದ ಜಾಗದಲ್ಲೇ ಇನ್ನೂ ನಿಂತಿರುವಿರೆಂದೂ ನಂಬಿದ್ದೇನೆ.

ಇಂದು ಬೆಳಿಗ್ಗೆ ತಮ್ಮ ನೆನಪಾಯಿತು. ಪಕ್ಕದ ಮನೆಯ ಕುಲ್ಸುಮ್ ಬೀ ಅವರ ಎಮ್ಮೆ ನಮ್ಮ ಓಣಿಯ ಬಾಯಿಗೆ ಅಡ್ಡ ಮಲಗಿತ್ತು. ನೀರಿಗೆ ಹೊರಟ ಹೆಂಗಸರು ಕೊಡ ಹೊತ್ತು ಅದರ ಮುಂದೆ ನಿಂತು ಬೈದರು, ಬಾಲ ತಿರುಚಿದರು, ಅದರ ತಾಯಿಯನ್ನೂ ಬಿಡದೆ ನೆನೆದರು; ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅಂಥ ನೆಮ್ಮದಿಯನ್ನು ನಾನು ಇದಕ್ಕೆ ಮೊದಲು ಒಬ್ಬರ ಮುಖದಲ್ಲಷ್ಟೇ ಕಂಡಿದ್ದೆ, ಯಾರೆಂದು ಹೇಳುವುದು ಸೌಜನ್ಯವಲ್ಲ. ಆಮೇಲೆ ಕುಲ್ಸುಮ್ ಬೀ ಒಂದು ಹಿಡಿ ಹಸಿ ಮೇವು ತಂದು, ಎಮ್ಮೆಯ ಹತ್ತಿರಕ್ಕೂ ಹೋಗದೆ, ದೂರದಲ್ಲೇ ನಿಂತು ಅದನ್ನು ಅಲ್ಲಾಡಿಸಿದರು. ಎಮ್ಮೆ ಎದ್ದು ಅತ್ತ ನಡೆಯಿತು. ದಾರಿ ತೆರೆಯಿತು. ಆದರೆ ನಮ್ಮ ಹೆಂಗಸರು ಬೈಯುವ ರಭಸದಲ್ಲಿ ಅದನ್ನು ಗಮನಿಸಲೇ ಇಲ್ಲ. ಬಾಗಿಲಲ್ಲಿದ್ದ ನಾನು, ನನಗೇ ಗೊತ್ತಿಲ್ಲದೆ, "ಈಗ ಹೋಗ್ರಿ" ಎಂದುಬಿಟ್ಟೆ. ಅದು ಕೇಳಿಸಿದ ಒಬ್ಬಾಕೆ ದಾಟಿ ಹೋದಳು. ಉಳಿದವರು ಬೈಯುತ್ತಲೇ ಇದ್ದಾಗ ಎಮ್ಮೆ ಮೇವು ತಿಂದು, ಮರಳಿ ಬಂದು, ತನ್ನ ಜಾಗದಲ್ಲಿ ಮಲಗಿತು.

ಇನ್ನು ನನ್ನ ದೂರು. ಈ ಪತ್ರ ಹುಮನಾಬಾದಕ್ಕೆ ಮುಟ್ಟುವುದು ಶನಿವಾರದ ಟಪಾಲಿನಲ್ಲಿ, ನಮ್ಮೂರಿನಲ್ಲಿ ಆಟ ನಡೆಯುವುದು ಶುಕ್ರವಾರ. ಆದ್ದರಿಂದ ಮನಸ್ಸು ಬಿಚ್ಚಿ ಬರೆಯುತ್ತೇನೆ.

ತಾವು ಫುಟ್‌ಬಾಲ್ ಆಟಕ್ಕೆ ತಂದಿರುವ ಸುಧಾರಣೆ ಸಣ್ಣದಲ್ಲ. ಹೈದರಾಬಾದಿನಲ್ಲಿ ಬಿ.ಎ. ಓದುವಾಗ ನಾನು ಪರದೆಯ ಹಿಂದೆ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ದೊಡ್ಡ ದೊಡ್ಡ ತಂಡಗಳ ಆಟ ನೋಡಿದ್ದೇನೆ. ಆ ಬಡಪಾಯಿಗಳು ಓಡುತ್ತಿದ್ದರು, ಬೆವರುತ್ತಿದ್ದರು. ತಾವೋ ಇಡೀ ತಂಡವನ್ನು ಗೋಲಿನ ಮುಂದೆ ಎರಡು ಸಾಲು ನಿಲ್ಲಿಸಿ, ಮದುವೆಯ ಪಂಕ್ತಿಯಲ್ಲಿ ಬಡಿಸುವವರನ್ನು ಕಾಯುವಂತೆ ನಮ್ಮವರನ್ನು ಕಾಯುತ್ತೀರಿ. ನಮ್ಮವರು ಬರುತ್ತಾರೆ, ಚೆಂಡನ್ನು ಸಾಹೇಬರ ಹೊಟ್ಟೆಗೆ ಹೊಡೆಯುತ್ತಾರೆ, ತಾವು "ಮಾಫ್ ಕರೋ" ಎಂದು ಅದನ್ನು ಹೊರಗೆ ಕಳಿಸುತ್ತೀರಿ. ಮೂರು ಬೇಸಿಗೆಗಳಿಂದ ಎರಡೂ ಊರುಗಳಿಗೆ ಸೊನ್ನೆ. ಯಾರಿಗೂ ಸೋಲಿಲ್ಲ, ಮನಸ್ತಾಪವಿಲ್ಲ; ಇಂಥ ಶಾಂತಿಯನ್ನು ಸರಕಾರಗಳೂ ತರಲಾರವು.

ಈ ಶಾಂತಿಯಿಂದ ಕಂಗೆಟ್ಟವರು ಒಬ್ಬರೇ, ಹೊಲದ ಒಡೆಯರಾದ ಬಸವಣಪ್ಪನವರು. ನಮ್ಮ ಮನೆಯ ಹಿಂದಿನ ಹೊಲವನ್ನು ಅವರು ಮೂರು ವರ್ಷದಿಂದ ಬಿತ್ತದೆ ಆಟಕ್ಕೆ ಬಿಟ್ಟಿದ್ದಾರೆ. ಹೋದ ವಾರದ ಆಟ ಮುಗಿದ ಮೇಲೆ ಅವರು ರುಮಾಲು ಕೊಡವಿ ಎದ್ದು, ನಮ್ಮವರನ್ನು ಕರೆದು ಹೇಳಿದ ಮಾತು ಮಾಳಿಗೆಯವರೆಗೂ ಕೇಳಿತು: "ಗೋಲ್ ನೋಡಾಕ ಹೊಲ ಬೀಳ ಬಿಟ್ಟೀನಿ, ಮಂದಿ ನಿಂತದ್ದು ನೋಡಾಕಲ್ಲ. ಬರೋ ಶುಕ್ರವಾರ ನಿಮ್ಮ ಕಡಿಂದ ಒಂದರ ಗೋಲ್ ಆಗ್ಲಿ. ಇಲ್ಲಾಂದ್ರ ಮಿರಗದ ಮಳಿಗಿ ತೊಗರಿ ಬಿತ್ತತೀನಿ."

ತೊಗರಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಪದವಿ ಪಡೆದು ಊರಿಗೆ ಮರಳಿದಂದಿನಿಂದ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದರೆ ಅದು ಆ ಹೊಲದ ವಿಷಯದಲ್ಲಿ ಮಾತ್ರ. ಉಳಿದದ್ದೆಲ್ಲ ನನ್ನೆದುರಿಗೇ ನನ್ನ ತಾಯಿಯನ್ನು ಕೇಳಲಾಗುತ್ತದೆ. ಅಲ್ಲಿ ತೊಗರಿ ಬೆಳೆದು ನಿಂತರೆ, ನಾನು ಮಾಳಿಗೆ ಹತ್ತುವುದಕ್ಕೆ ಬಟ್ಟೆ ಒಣಹಾಕುವುದೊಂದೇ ಕಾರಣವಾಗಿ ಉಳಿಯುತ್ತದೆ.

ಹೌದು ಸಾಹೇಬರೇ, ಕಲ್ಯಾಣಿ ತಂಡದ ಉಸ್ತಾದ ನಾನೇ. ಇದು ತಂಡದಲ್ಲಿ ಆಡುವ ನನ್ನ ತಮ್ಮನಾದ ದೇವಿದಾಸನಿಗೆ ಮಾತ್ರ ಗೊತ್ತಿದ್ದ ಸಂಗತಿ. ನಾನು ಅಂಗಳದಲ್ಲಿ ಹುಣಸೆಬೀಜಗಳನ್ನು ನಮ್ಮವರೆಂದೂ ಶೇಂಗಾಗಳನ್ನು ನಿಮ್ಮವರೆಂದೂ ಹರಡಿ, ನಡುವೆ ನುಗ್ಗಬೇಡಿ, ಅಂಚಿಗೆ ಹೋಗಿ, ಗೋಡೆ ಹಿಗ್ಗಿದರೆ ಬಿರುಕು ಬಿಡುತ್ತದೆ ಎಂದು ಅವನಿಗೆ ತೋರಿಸುತ್ತಿದ್ದೆ. ಪಾಠ ಮುಗಿಯುವ ಹೊತ್ತಿಗೆ ಅವನು ತಮ್ಮ ಇಬ್ಬರು ಬ್ಯಾಕ್‌ಗಳನ್ನು ತಿಂದಿರುತ್ತಿದ್ದ. ಹುಮನಾಬಾದದ ಸಾಲು ತೆಳುವಾದದ್ದನ್ನು ನಾನು ಕಂಡದ್ದು ಆಗ ಮಾತ್ರ.

ಅವನು ಇದನ್ನು ತನ್ನದೇ ಯೋಚನೆಯೆಂದು ನಾಯಕ ದಿಗಂಬರನಿಗೆ ಹೇಳಿದಾಗ, ಆ ಧೀರ "ನೆಟ್ಟಗ ಹೋಗಾಂವ ಗಂಡಸು, ಸುತ್ತ ಹಾಕಿ ಹೋಗಾಂವ ಕಳ್ಳ" ಎಂದನಂತೆ. ಆದರೂ ಹೇಗೋ ಒಪ್ಪಿದ. ಆಟದ ನಡುವೆ ಯಾವ ಅಂಚು ಖಾಲಿ ಇದೆಯೆಂದು ಕೆಳಗಿನವರಿಗೆ ಕಾಣದು, ಮಾಳಿಗೆಯಿಂದ ಕಾಣುತ್ತದೆ. ಆದ್ದರಿಂದ ಕೆಂಪು ಸೀರೆ ಒಣಹಾಕಿದರೆ ಕೋಟೆಯ ಕಡೆ, ಬಿಳಿ ಧೋತರ ಹಾಕಿದರೆ ಬಾವಿಯ ಕಡೆ ಎಂದು ಗೊತ್ತುಮಾಡಿದೆ.

ಹೋದ ವಾರ ಕೆಂಪು ಸೀರೆ ಹಾರಿತು, ಚೆಂಡು ಕೋಟೆಯ ಕಡೆ ಹೋಯಿತು, ತಮ್ಮ ಸಾಲು ಮೊದಲ ಸಲ ಅತ್ತ ವಾಲಿತು. ಅಷ್ಟರಲ್ಲಿ ಮೋಡ ಕವಿಯಿತು. ನನ್ನ ತಾಯಿ ಪಾರ್ವತಿಬಾಯಿಯವರು ಸರಸರನೆ ಮಾಳಿಗೆ ಹತ್ತಿ, ನಾನು ಬೇಡವೆನ್ನುವ ಮೊದಲೇ, ಬಟ್ಟೆಗಳನ್ನೆಲ್ಲ ಎಳೆದುಕೊಂಡು ಇಳಿದುಹೋದರು. ನಮ್ಮ ಹನ್ನೊಂದು ಮಂದಿಯೂ ಓಡುವುದನ್ನು ನಿಲ್ಲಿಸಿ ಬರಿದಾದ ಹಗ್ಗವನ್ನು ನೋಡುತ್ತ ನಿಂತರು. ಚೆಂಡು ತಾನಾಗಿ ಉರುಳಿ ತಮ್ಮ ಪಾದದ ಬಳಿ ಬಂತು. ಬಟ್ಟೆ ವ್ಯಾಪಾರಿಗಳ ಕಣ್ಣು ಬಟ್ಟೆಯ ಹಗ್ಗದ ಮೇಲೆ ಬೀಳದಿದ್ದೀತೆ? ತಾವೂ ತಲೆಯೆತ್ತಿದಿರಿ. ಚಹಾದ ಹೊತ್ತಿಗೆ ಎಲ್ಲರ ಮುಂದೆ ಹೇಳಿದಿರಿ: "ದೇವಿದಾಸ್ ಭಾಯಿ, ನಿಮ್ಮ ಉಸ್ತಾದರಿಗಿ ನಮ್ಮ ಸಲಾಮ್ ಹೇಳ್ರಿ. ಬಟ್ಟಿ ಒಣಗಿದ್ವೇನು ಕೇಳ್ರಿ."

ಕೇಳಿದ್ದಕ್ಕೆ ಉಪಕಾರ. ಇನ್ನೂ ಹಸಿಯಾಗಿದ್ದವು.

ಅಂದಿನಿಂದ ಸಂಗತಿ ಊರಿಗೆಲ್ಲ ಗೊತ್ತಾಗಿದೆ. ಇಂದು ಎಮ್ಮೆಯನ್ನು ನೋಡಿದ ಮೇಲೆ ನಾನು ದೇವಿದಾಸನಿಗೆ ಹೊಸ ಪಾಠ ಹೇಳಿ ಕಳಿಸಿದೆ: ಗೋಡೆಯನ್ನು ತಳ್ಳಬೇಡಿ, ಚೆಂಡು ಹಿಡಿದು ಹಿಂದಕ್ಕೆ ಬನ್ನಿ, ಅವರೇ ಆಸೆಪಟ್ಟು ಎದ್ದು ಬರುತ್ತಾರೆ, ಬಂದ ಕೂಡಲೇ ಅವರ ಬೆನ್ನ ಹಿಂದೆ ಹೋಗಿ. ದಿಗಂಬರ ಕೇಳಿದನಂತೆ: "ಹಿಂದ ಬರೋದು ಖರೆ. ತಿರುಗಿ ಯಾವಾಗ ಹೋಗೋದು, ಯಾರು ಹೇಳೋರು? ಸೀರಿ ಹೇಳ್ತದೇನು?"

ಅವನು ಮೂರು ವರ್ಷದಲ್ಲಿ ಆಡಿದ ಮೊದಲ ಒಳ್ಳೆಯ ಆಟ ಈ ಪ್ರಶ್ನೆ. ಸೀರೆ ಹೇಳಲಾರದು. ಅದನ್ನು ಕೊಡವಿ ಹಗ್ಗಕ್ಕೆ ಹಾಕುವಷ್ಟರಲ್ಲಿ ಎಮ್ಮೆ ಮರಳಿ ಬಂದು ಮಲಗಿರುತ್ತದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿಗಳಿವೆ. ತಾವು ಆಟದ ನಡುವೆ ಒಮ್ಮೆ, ಅಂಗಡಿಯ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಚಿಂತೆಯಿಂದ, ನಾಲ್ಕು ಹೆಜ್ಜೆ ಮುಂದೆ ಬಂದು ಹುಮನಾಬಾದದ ದಿಕ್ಕಿಗೆ ನೋಡಬೇಕು. ತಮ್ಮ ಬ್ಯಾಕ್‌ಗಳು ಪರಸ್ಪರ ಮುನಿಸಿಕೊಂಡು ತುಸು ದೂರ ದೂರ ನಿಲ್ಲಬೇಕು. ಅದೂ ಆಗದಿದ್ದರೆ, ತಮ್ಮಂಥ ದೊಡ್ಡವರಿಗೆ ಒಪ್ಪುವಂತೆ ಗೋಲಿನ ಕಂಬಗಳನ್ನೇ ಅಷ್ಟು ಅಗಲಿಸಿ ನೆಡಲು ಅಪ್ಪಣೆ ಕೊಡಬೇಕು.

ಇವು ಯಾವುವೂ ನಡೆಯುವುದಿಲ್ಲವೆಂದು ಬಲ್ಲೆ. ನನ್ನ ದನಿಯೋ ಬಹಳ ಸಣ್ಣದು; ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಬೇಕಾಯಿತು. ಆದರೆ ಇಂದು ಓಣಿಯಲ್ಲಿ ಕೊಡ ಹೊತ್ತ ಒಬ್ಬಾಕೆಗೆ ಅದು ಕೇಳಿಸಿತು. ಗೋಲು ಹೊಡೆಯಲು ಒಬ್ಬರಿಗೆ ಕೇಳಿಸಿದರೆ ಸಾಕು.

ತಾವು ನಿಂತಲ್ಲೇ ನೂರು ಕಾಲ ಬಾಳಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಶಕುಂತಲಾಬಾಯಿ, ಬಿ.ಎ.
ಕಲ್ಯಾಣಿ ತಂಡದ ಉಸ್ತಾದ

ತಾ.ಕ.: ಇದನ್ನು ಓದುವ ಹೊತ್ತಿಗೆ, ಶುಕ್ರವಾರ ನಮ್ಮ ಮಾಳಿಗೆಯ ಮೇಲೆ ಹಾರುತ್ತಿದ್ದ ಹಸಿರು ಸೀರೆಯ ಅರ್ಥವೇನೆಂದು ತಾವೂ ತಮ್ಮ ಸಾಲಿನವರೂ ಕತ್ತು ನೋಯುವಷ್ಟು ಹೊತ್ತು ನೋಡಿ ಯೋಚಿಸಿರುತ್ತೀರಿ. ಅದಕ್ಕೆ ಏನೂ ಅರ್ಥವಿರಲಿಲ್ಲ. ಅದು ಪಕ್ಕಾ ಬಣ್ಣವೆಂದು ತಾವೇ ಆಣೆ ಮಾಡಿ ನನ್ನ ತಾಯಿಗೆ ಮಾರಿದ ಸೀರೆ. ಮೊದಲ ಒಗೆತಕ್ಕೇ ಮನೆಯ ಧೋತರಗಳನ್ನೆಲ್ಲ ಹಸಿರು ಮಾಡಿದ್ದನ್ನು ತಮ್ಮ ಗಮನಕ್ಕೆ ತರಲು ಅಲ್ಲಿ ಹಾಕಿದ್ದು. ಅದನ್ನು ಒಣಹಾಕುವ ಕೆಲಸ ತಾಯಿಯವರದು. ನಾನು ಆ ಹೊತ್ತಿಗೆ ಕೆಳಗಿಳಿದು, ಹೊಲದ ಬದುವಿನ ಮೇಲೆ, ದಿಗಂಬರನಿಗೆ ಕೇಳಿಸುವಷ್ಟು ಹತ್ತಿರ ನಿಂತಿರುತ್ತೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.