ಜೋಯಿಡಾ ಕೌಂಟರಿನ ಹೆಸರಲ್ಲಿ ಕುಳಿತು ಏಳದ ಬೀಗಮಹಾಶಯರಿಗೆ

ಮಾನ್ಯರೇ,

ದಾಂಡೇಲಿಯ ನಮ್ಮ ಸಭಾಭವನದ ಬುಕಿಂಗ್ ಡೇಟಾಬೇಸಿನಲ್ಲಿ, ಬೀಗಗಳ, ಅಂದರೆ ಕಂಪ್ಯೂಟರಿನ ಲಾಕುಗಳ, ಪಟ್ಟಿಯ ಏಕೈಕ ಸಾಲಾಗಿ ಹನ್ನೊಂದು ದಿನಗಳಿಂದ ಅಲುಗಾಡದೆ ವಿರಾಜಮಾನರಾಗಿರುವ ತಮಗೆ ಅಂಬೇವಾಡಿಯ ಸಿರಾಜುನ್ನಿಸಾ ಸಲಾಮು ಸಲ್ಲಿಸಿ ಬರೆಯುವುದೇನೆಂದರೆ, ನಾವು ಇಲ್ಲಿ ಹೇಗೋ ಇದ್ದೇವೆ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ, ಯಾರಾದರೂ ಕೈಯಾರೆ ಅಳಿಸುವವರೆಗೆ ತಮಗೆ ಏನೂ ಆಗದೆಂದು ನದೀಮ ಹೇಳಿದ್ದಾನೆ.

ನದೀಮ ನನ್ನ ತಂಗಿಯ ಮಗ, ಈ ಪ್ರೋಗ್ರಾಮು ಬರೆದವನು. ದಾಂಡೇಲಿ, ಹಳಿಯಾಳ, ಜೋಯಿಡಾ ಮೂರು ಕೌಂಟರುಗಳಿಂದಲೂ ಒಂದೇ ಸಭಾಭವನವನ್ನು ಹಿಡಿಯಬಹುದಾದ್ದರಿಂದ, ಯಾವ ಕೌಂಟರು ಒಂದು ದಿನಾಂಕವನ್ನು ಮೊದಲು ತೆರೆಯುತ್ತದೋ ಅದರ ಹೆಸರಲ್ಲಿ ತಮ್ಮಂಥವರೊಬ್ಬರನ್ನು ಕೂರಿಸುವುದು, ಕೆಲಸ ಮುಗಿದ ಮೇಲೆ ಎಬ್ಬಿಸುವುದು, ಅಲ್ಲಿಯವರೆಗೆ ಉಳಿದವರು ಕಾಯುವುದು ಅವನು ಮಾಡಿದ ಕ್ರಮ. ಹಳಿಯಾಳ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವುದನ್ನು ನೋಡಿ ಕಲಿತನಂತೆ. ಮೊದಲು ತಮ್ಮ ಕುಲದವರು ಹತ್ತು ನಿಮಿಷಕ್ಕೆ ತಾವಾಗಿಯೇ ಎದ್ದು ಹೋಗುತ್ತಿದ್ದರು. ಆದರೆ ಜೋಯಿಡಾದ ನೆಟ್‌ವರ್ಕು ಅಷ್ಟು ಹೊತ್ತಿನಲ್ಲಿ ಒಂದು ಹೆಸರನ್ನೂ ದಾಟಿಸದ ಕಾರಣ ನದೀಮ ಕನಿಕರಪಟ್ಟು ಆ ಗಡುವನ್ನೇ ಕಿತ್ತುಹಾಕಿದ. "ಹಿಡಿದವ್ರು ತಾವಾಗಿ ಬಿಡೂತನಕ ಎಬ್ಬಸಬಾರ್ದು ಖಾಲಾ, ಮರ್ಯಾದಿ ಅಲ್ಲ" ಎಂದ. ಬಸ್ಸಿನಲ್ಲಾದರೆ ಕಂಡಕ್ಟರು ಒಂದು ಸ್ಟಾಪು ಕಾದು ಕರವಸ್ತ್ರ ಎತ್ತಿ ಪಕ್ಕಕ್ಕಿಡುತ್ತಾನೆ.

ಹನ್ನೊಂದು ದಿನದ ಹಿಂದೆ ಜೋಯಿಡಾ ಕೌಂಟರಿನ ರೂಪಾಲಿ, ನನ್ನ ಮಗಳು ಜಾಸ್ಮಿನಳ ನಿಕಾಹ್‌ಗೆ ನಿಶ್ಚಯವಾದ ದಿನಾಂಕವನ್ನೇ ಯಾರಿಗೋ ತೆರೆದಳು. ತಾವು ಬಂದು ಕುಳಿತಿರಿ. ಅಷ್ಟರಲ್ಲಿ ಅಣಶಿಯ ಕಡೆ ಮರ ಬಿದ್ದು, ತಮ್ಮನ್ನು ಎಬ್ಬಿಸಬೇಕಾದ ಜೋಯಿಡಾದ ಕೇಬಲ್ಲೇ ಹರಿಯಿತು. ಅಂದಿನಿಂದ ದಾಂಡೇಲಿ ಕೌಂಟರಿನ ಪರದೆಯ ಮೇಲೆ 'ಈ ದಿನಾಂಕವನ್ನು ಬೇರೊಬ್ಬರು ನೋಡುತ್ತಿದ್ದಾರೆ, ದಯವಿಟ್ಟು ಕಾಯಿರಿ' ಎಂಬ ಒಂದೇ ಸಾಲು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿಯ ಕಾಲನ್ನಾದರೂ ಹಿಡಿಯಬಹುದು, ತಮಗೆ ಕಾಲೂ ಇಲ್ಲ. ಮುಂಡಗೋಡಿನ ಗಂಡಿನ ಕಡೆಯವರು ದಿನವೂ ಫೋನು ಮಾಡಿ ಜಾಗ ಎಲ್ಲಿ ಎಂದು ಕೇಳುತ್ತಾರೆ. "ಅಮ್ಮಿ, ಕಾರ್ಡಿನ್ಯಾಗ ಜಾಗಾ ಖಾಲಿ ಬಿಟ್ಟು ಛಾಪಿಸೂಣೇನು?" ಎಂದು ಮಗಳು ಕೇಳಿದಾಗ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆದರೂ ತಮ್ಮ ನಿಷ್ಠೆಯನ್ನು ಹೊಗಳದಿರಲಾರೆ. ತಮ್ಮನ್ನು ಕೂರಿಸಿದವರೇ ಮರೆತರೂ ಕದಲದ ತಾವು, ಆ ಗುಣದ ಕಾಲು ಪಾಲನ್ನು ಜೋಯಿಡಾದ ನೆಟ್‌ವರ್ಕಿಗೆ ದಯಪಾಲಿಸಬೇಕು. ಅದಾಗದಿದ್ದರೆ ಗಂಡಿನ ಕಡೆಯ ನಾನೂರು ಜನರನ್ನು ತಮ್ಮ ಸಾಲಿನಲ್ಲೇ ಒತ್ತಿಕೊಂಡು ಕೂರಿಸಿ ಊಟಕ್ಕೆ ಎಲೆ ಹಾಕಿಸಬೇಕು. ಖಾಜಿಯವರಿಗೆ ಮಾತ್ರ ತುಸು ಅಗಲವಾದ ಜಾಗವಿರಲಿ, ಅವರಿಗೆ ಮಂಡಿನೋವು.

ತಾವು ಏಳುವುದನ್ನೇ ಎದುರುನೋಡುತ್ತ ನಿಂತಿರುವ,
ತಮ್ಮ ವಿಶ್ವಾಸಿ,
ಸಿರಾಜುನ್ನಿಸಾ, ವಧುವಿನ ತಾಯಿ

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ನದೀಮ ಮನಸ್ಸು ಗಟ್ಟಿ ಮಾಡಿ ತಮ್ಮನ್ನು ಕೈಯಾರೆ ಅಳಿಸಿದ, ನಮ್ಮ ಕೈಗೆ ರಸೀದಿಯೂ ಬಂತು. ಮಧ್ಯಾಹ್ನ ಕೇಬಲ್ಲು ಜೋಡಿಸಿದ್ದೇ ತಡ, ಜೋಯಿಡಾದ ಕಂಪ್ಯೂಟರು ತಾವಿನ್ನೂ ಕುಳಿತೇ ಇದ್ದೀರೆಂದು ನಂಬಿ, ಅರ್ಧಕ್ಕೆ ನಿಂತಿದ್ದ ತನ್ನ ಕೆಲಸವನ್ನು ಮುಗಿಸಿ ಜೇನು ಸಾಕುವವರ ಸಂಘದ ವಾರ್ಷಿಕ ಸಭೆಗೂ ಅದೇ ದಿನದ ರಸೀದಿ ಕೊಟ್ಟಿದೆ. ಸಂಘದ ಸಾತಪ್ಪನವರು ಆಗಲೇ ಫೋನು ಮಾಡಿ ಬಿರಿಯಾನಿ ಎಷ್ಟು ಗಂಟೆಗೆ ಎಂದು ವಿಚಾರಿಸಿದ್ದಾರೆ. ತಾವು ಇದ್ದಾಗ ಒಬ್ಬರಿಗೂ ಸಿಗದಿದ್ದ ಸಭಾಭವನ, ತಾವು ಹೋದ ಮೇಲೆ ಇಬ್ಬರಿಗೂ ಸಿಕ್ಕಿದೆ.