ಮೂರು ಲೋಟ ನೀರು ತಣಿದ ಬಗೆ

"ನಮ್ಮ ಮಗಳ ಸೆಮಿನಾರು ಹೇಗಿರುತ್ತೆ ನೋಡ್ತಿರು! ಕಾಲೇಜಿನ ಚರಿತ್ರೆಯಲ್ಲೇ ಅಂಥದ್ದು ಬಂದಿರಬಾರದು!"

ಶನಿವಾರ ಸಂಜೆ ಭೌತಶಾಸ್ತ್ರದ ಮೇಷ್ಟ್ರು ಹೆಂಡತಿಯ ಮುಂದೆ ಹೀಗೆ ಘೋಷಿಸಿದಾಗ, ಅವರ ಮೈಯಲ್ಲಿ ಘೋಷಣೆಗೆ ಬೇಕಾದಷ್ಟೇ ಕಸುವು ಉಳಿದಿತ್ತು. ಆ ವಾರವಿಡೀ ಅವರು ನಲವತ್ತೆರಡು ವಿದ್ಯಾರ್ಥಿಗಳ ಸೆಮಿನಾರು ಕೇಳಿದ್ದರು. ನಲವತ್ತೆರಡು ಮಂದಿಯೂ ಸಭೆಗೆ ಬೆನ್ನು ಹಾಕಿ, ಪರದೆಯ ಮೇಲಿದ್ದುದನ್ನು ಪರದೆಗೇ ಓದಿ ಹೇಳಿದ್ದರು. ಮೇಷ್ಟ್ರ ಕಿವಿಗೆ ಜೋಮು ಹಿಡಿದಿತ್ತು. ಮಂಗಳವಾರ ಅದೇ ಕಾಲೇಜಿನಲ್ಲಿ ಮಗಳ ಸರದಿ. ಅಂಕ ಹಾಕುವವರು ವಿಭಾಗದ ಮುಖ್ಯಸ್ಥರು. ಮೊದಲ ಸ್ಥಾನ ಪಡೆದ ಒಬ್ಬರಿಗೆ ಮಾತ್ರ ವಿಜ್ಞಾನ ಸಮಾವೇಶಕ್ಕೆ ಹೋಗುವ ಅವಕಾಶ. ಮಗಳು ಎರಡು ವರ್ಷದಿಂದ ಅದಕ್ಕೇ ಕಾದಿದ್ದಳು.

"ಚರಿತ್ರೆ ಆಮೇಲೆ ನೋಡ್ಕೊಳ್ಳೋಣ. ಮೊದಲು ಒಂದಷ್ಟು ಮಲಗಿ," ಅಂದರು ಹೆಂಡತಿ.

"ವಿಜ್ಞಾನಕ್ಕೆ ನಿದ್ದೆ ಇಲ್ಲ ಕಣೇ!"

"ವಿಜ್ಞಾನಕ್ಕೆ ಇಲ್ದಿದ್ರೆ ಬೇಡ. ನಿಮಗೆ ಬೇಕು."

ಮಗಳ ಪ್ರಯೋಗ ಸರಳ. ಸ್ಟೀಲು, ಗಾಜು, ಪಿಂಗಾಣಿ, ಹೀಗೆ ಮೂರು ಲೋಟಗಳಲ್ಲಿ ಬಿಸಿನೀರು. ಯಾವುದರಲ್ಲಿ ಬೇಗ ತಣಿಯುತ್ತದೆ ಎಂದು ಐವತ್ತು ನಿಮಿಷ ಅಳೆಯಬೇಕು. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಎಲ್ಲ ಸಿದ್ಧವಾಯಿತು. ಅಷ್ಟರಲ್ಲಿ ಪ್ರಿಂಟಿನ ಅಂಗಡಿಯವನ ಫೋನು: ಸೆಮಿನಾರಿನ ಪೋಸ್ಟರು ಈಗಲೇ ಒಯ್ಯಬೇಕಂತೆ, ಅಂಗಡಿ ಮುಚ್ಚುತ್ತಾನಂತೆ.

"ಅಪ್ಪಾ, ಐದೈದು ನಿಮಿಷಕ್ಕೆ ನೋಡಿ ಬರೀರಿ. ಮರೀಬೇಡಿ."

"ಯಾರಿಗೆ ಹೇಳ್ತಿದ್ದೀಯ? ನಿಮ್ಮಪ್ಪ ಇಪ್ಪತ್ತಾರು ವರ್ಷದಿಂದ ಥರ್ಮಾಮೀಟರ್ ಜೊತೆ ಸಂಸಾರ ಮಾಡ್ತಿದಾನೆ!"

"ಅದು ನನಗೆ ಗೊತ್ತಾಗಿದೆ," ಎಂದಿತು ಪಕ್ಕದ ಕೋಣೆಯಿಂದ ಹೆಂಡತಿಯ ದನಿ.

ಹತ್ತನೇ ನಿಮಿಷದವರೆಗೆ ಮೇಷ್ಟ್ರು ಚಕ್ರವರ್ತಿಯಂತೆ ಕೂತು ಅಂಕಿ ಬರೆದರು. ಆಮೇಲೆ ವಾರದ ದಣಿವೆಲ್ಲ ಒಟ್ಟಿಗೆ ರೆಪ್ಪೆಯ ಮೇಲೆ ಬಂದು ಕೂತಿತು. ಒಂದೇ ಒಂದು ನಿಮಿಷ ಕಣ್ಣು ಮುಚ್ಚೋಣ ಅಂದುಕೊಂಡರು.

ಗೇಟಿನ ಸದ್ದಿಗೆ ಎಚ್ಚರವಾದಾಗ ಐವತ್ಮೂರು ನಿಮಿಷ ಕಳೆದಿತ್ತು! ಪಟ್ಟಿಯಲ್ಲಿ ಎಂಟು ಸಾಲು ಖಾಲಿ. ಅಂಕಿ ಕಲ್ಪಿಸಿ ಬರೆದ ಎಷ್ಟೋ ಹುಡುಗರನ್ನು ಅವರು ಲ್ಯಾಬಿನಿಂದ ಆಚೆ ಕಳಿಸಿದ್ದರು. ಆದರೆ ನಿದ್ದೆ ಹೋದೆ ಎಂದು ಮಗಳಿಗೆ ಯಾವ ಬಾಯಲ್ಲಿ ಹೇಳುವುದು? ಲೋಟಗಳತ್ತ ತಿರುಗಿಯೂ ನೋಡದೆ, ನೀರು ತಣಿಯುವ ಸೂತ್ರ ನೆನೆದುಕೊಂಡು, ಎಂಟೂ ಸಾಲನ್ನು ಗೀಚಿ ಮುಗಿಸಿದರು.

ಮಗಳು ಹಾಳೆ ನೋಡಿದಳು. ಆಮೇಲೆ ಅಪ್ಪನ ಕೆನ್ನೆ ನೋಡಿದಳು. ಅಲ್ಲಿ ನೋಟುಬುಕ್ಕಿನ ಸುರುಳಿತಂತಿ ಸಾಲಾಗಿ ಅಚ್ಚೊತ್ತಿತ್ತು.

"ಎಲ್ಲಾ ನೋಡಿ ಬರೆದ್ರಾ ಅಪ್ಪಾ?"

"ಒಂದೂ ಬಿಟ್ಟಿಲ್ಲ!"

"ಹೂಂ," ಎಂದಳು ಮಗಳು.

ಮಂಗಳವಾರ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತರು. ಮಗಳು ಸಭೆಯತ್ತ ಮುಖ ಮಾಡಿ, ಒಂದಕ್ಷರವನ್ನೂ ಓದದೆ, ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದಳು. ಮೇಷ್ಟ್ರು ಪಕ್ಕದ ಸಹೋದ್ಯೋಗಿಯ ಮೊಣಕೈ ತಿವಿದರು. "ಯಾರ ತರಬೇತಿ ಹೇಳಿ!"

ಆಗ ಪರದೆಯ ಮೇಲೆ ಎರಡು ನಕ್ಷೆ ಬಂದವು. ಒಂದು ಅಂಕುಡೊಂಕು, ಇನ್ನೊಂದು ರೇಷ್ಮೆಯಷ್ಟು ನುಣುಪು.

"ಮೊದಲನೇದು ನಿನ್ನೆ ನಾನು ಲ್ಯಾಬಲ್ಲಿ ಮತ್ತೆ ಮಾಡಿದ್ದು. ಎರಡನೇದು ಭಾನುವಾರ ಮನೇಲಿ ನನ್ನ ಸಹಾಯಕರು ಬರೆದದ್ದು. ಅದನ್ನ ಕೈಬಿಟ್ಟೆ."

"ಯಾಕಮ್ಮಾ? ಅದೇ ಚೆನ್ನಾಗಿದೆಯಲ್ಲ!" ಎಂದರು ಮುಖ್ಯಸ್ಥರು.

"ಸ್ಟೀಲ್ ಲೋಟದ ನೀರನ್ನ ಇಪ್ಪತ್ತನೇ ನಿಮಿಷಕ್ಕೆ ನಮ್ಮಮ್ಮ ಕುಡಿದುಬಿಟ್ಟಿದ್ರು ಸರ್, ಗಂಟಲು ನೋವು ಅಂತ. ಆದ್ರೂ ಅದು ಐವತ್ತನೇ ನಿಮಿಷದವರೆಗೂ ತಣ್ಣಗಾಗ್ತಾನೇ ಇತ್ತು!"

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮುಂದಿನ ಕುರ್ಚಿಯ ಮರೆಗೆ ತಲೆ ತಗ್ಗಿಸಿದರು. ಮುಖ್ಯಸ್ಥರು ಕಣ್ಣೊರೆಸಿಕೊಂಡು, "ಮೊದಲ ಸ್ಥಾನ ನಿನ್ನದೇ ಕಣಮ್ಮ. ಸಮಾವೇಶಕ್ಕೆ ಆ ಸಹಾಯಕರನ್ನ ಮಾತ್ರ ಕರ್ಕೊಂಡು ಹೋಗ್ಬೇಡ," ಎಂದರು.

"ಇಲ್ಲ ಸರ್, ಅವರು ಮನೇಲೇ ಮಲಗಿರ್ಲಿ. ಪಾಪ, ತುಂಬಾ ಸುಸ್ತಾಗಿದಾರೆ."