ನೀಲಿ ಹಾಲು, ಒಣ ಸ್ನಾನ

ಹಾಲು ಪರೀಕ್ಷೆಯ ಕೋಣೆಯಲ್ಲಿ ನಗುವಂಥದ್ದು ಎಂತ ಉಂಟು ಅಂತ ಕೇಳುವವರಿದ್ದಾರೆ. ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಬೆಚ್ಚಗಿನ ಜಾಗದಲ್ಲಿ ಹಾಲು ಮಾತ್ರ ಅಲ್ಲ, ಮನುಷ್ಯರೂ ಸ್ವಲ್ಪ ಹದ ತಪ್ಪುತ್ತಾರೆ.

೧. ಬಾವಿಯಲ್ಲಿ ನೀರುಂಟು

ನಮ್ಮ ಕೋಣೆ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ರಸ್ತೆಯ ಬದಿಯಲ್ಲಿ. ಮೊದಲು ಹಾಲಿನ ಟ್ಯೂಬುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸುತ್ತಿದ್ದೆವು. ಅದು ಸೋರತೊಡಗಿದ ಮೇಲೆ 'ಡ್ರೈ ಬಾತ್' ಬೇಕೆಂದು ಅರ್ಜಿ ಬರೆದೆ. ಇಟ್ಟಿಗೆಯಷ್ಟು ದೊಡ್ಡ ಅಲ್ಯೂಮಿನಿಯಂ ಗಟ್ಟಿ ಅದು, ಮೈತುಂಬ ತೂತು. ತೂತಿಗೊಂದು ಟ್ಯೂಬು ಇಳಿಸಿದರೆ ಹನಿ ನೀರಿಲ್ಲದೆ ಮನುಷ್ಯನ ಮೈಯಷ್ಟೇ ಬೆಚ್ಚಗೆ ಇಡುತ್ತದೆ.

ನಮ್ಮ ಹಾಲಿನ ಸೊಸೈಟಿಯ ಅಧ್ಯಕ್ಷರು ಮರುಕದ ಮನುಷ್ಯ. ಸಭೆಯಲ್ಲಿ ಅರ್ಜಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಮರುದಿನ ನನ್ನನ್ನು ಕರೆಸಿ, ಮಂಜೂರಾಗಿದೆ ಎಂದರು. ಆಮೇಲೆ ದನಿ ತಗ್ಗಿಸಿದರು.

"ಬೇಸರ ಮಾಡಬೇಡಿ, ಕೇಳ್ತೇನೆ. ಬಾವಿಯಲ್ಲಿ ನೀರು ಧಾರಾಳ ಉಂಟಲ್ಲ, ಮತ್ತೆ ನೀವು ಯಾಕೆ ಒಣ ಸ್ನಾನ ಮಾಡುವುದು?"

೨. ಚೀಟಿ

ಯಂತ್ರ ಬಂದ ಮೇಲೆ ಅದನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರು ನಮ್ಮ ಗುಮಾಸ್ತರು. ಅಳದಂಗಡಿಯಿಂದ ಮೊದಲ ಬಸ್ಸಿಗೆ ಬರುವವರು. ಮಂಜಿನ ದಿನಗಳಲ್ಲಿ ಅವರ ಬೆರಳ ಗಂಟು ನೋಯುತ್ತಿತ್ತು. ಖಾಲಿ ಇದ್ದ ಎರಡು ತೂತಿಗೆ ಎರಡು ಬೆರಳು ಇಳಿಸಿ ಕೂತರೆ, ಚಿಕ್ಕಂದಿನಲ್ಲಿ ಅಮ್ಮ ಕೈ ಹಿಡಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಯಂತ್ರ ಸಣ್ಣಗೆ ಗುಂಯ್‌ಗುಡುವುದು, ಕಿಟಕಿಯಾಚೆ ಮಂಜು ನಿಧಾನಕ್ಕೆ ಕರಗುವುದು. ನೋಡುತ್ತಿದ್ದರೆ ನನಗೂ ಕಣ್ಣು ಎಳೆಯುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಅವರು ಮೇಜಿಗೆ ತಲೆಯಿಟ್ಟು ನಿದ್ದೆಹೋದರು. ಬೆರಳು ತೂತಿನಲ್ಲೇ ಇತ್ತು. ಹೇಳದೆ ಕೇಳದೆ ಮಂಗಳೂರಿನಿಂದ ತಪಾಸಣೆಯ ಅಧಿಕಾರಿ ಬಂದರು. ಒಂದೊಂದೇ ಟ್ಯೂಬಿನ ಚೀಟಿಯಲ್ಲಿ ಊರ ಹೆಸರು ಓದುತ್ತ ಬಂದವರು ಬೆರಳಿನ ಹತ್ತಿರ ನಿಂತು, ಇದು ಯಾವ ಊರಿನದ್ದು ಎಂದು ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ ಸತ್ಯವೇ ಬಂತು: "ಅಳದಂಗಡಿಯದ್ದು, ಸರ್."

ಅವರು ಬಗ್ಗಿ ನೋಡಿದರು. "ಚೀಟಿ ಅಂಟಿಸಲಿಲ್ಲವಲ್ಲ?"

೩. ನೀಲಿ

ಹಾಲು ಕೆಟ್ಟಿದೆಯೇ ಎಂದು ನೋಡಲು ನಾವು ಅದಕ್ಕೆ ಒಂದಿಷ್ಟು ನೀಲಿ ಮದ್ದು ಹಾಕಿ ಬೆಚ್ಚಗಿಡುತ್ತೇವೆ. ಕೆಟ್ಟ ಹಾಲಿನ ನೀಲಿ ಬೇಗ ಮಾಯವಾಗಿ ಮತ್ತೆ ಬಿಳಿಯಾಗುತ್ತದೆ. ಒಳ್ಳೆಯ ಹಾಲು ಗಂಟೆಗಟ್ಟಲೆ ನೀಲಿಯಾಗಿಯೇ ಇರುತ್ತದೆ, ಮುಂಜಾನೆಯ ಆಕಾಶದ ಹಾಗೆ.

ಒಮ್ಮೆ ಡಿಪೋದಲ್ಲಿ ಹಾಲು ಒಡೆಯಿತು. ಸಂಶಯ ಇಬ್ಬರ ಮೇಲೆ. ಒಬ್ಬರು ವಾಮದಪದವು ಕಡೆಯ ಅಕ್ಕ, ಒಂದೇ ದನ ಸಾಕಿಕೊಂಡವರು. ಇನ್ನೊಬ್ಬರು ಅವರ ನೆರೆಮನೆಯ ಅಣ್ಣ, ಗಲ್ಫಿನಿಂದ ಬಂದು ಹೊಸ ದನದ ಹಟ್ಟಿ ಕಟ್ಟಿದವರು. ತಪ್ಪು ಯಾರದ್ದೋ ಅವರ ಹಾಲು ಮತ್ತೆ ತೆಗೆದುಕೊಳ್ಳುವುದಿಲ್ಲ ಎಂದು ಡಿಪೋದವರು ಹೇಳಿದ್ದರು. ಇಬ್ಬರೂ ಬಂದು ಬೆಂಚಿನಲ್ಲಿ ಕೂತರು.

ಅರ್ಧ ಗಂಟೆಯೊಳಗೆ ಅಣ್ಣನ ಟ್ಯೂಬು ಬೆಳ್ಳಗಾಯಿತು. ಅವರ ಮುಖ ಅರಳಿತು. ಅಕ್ಕನದ್ದು ಮಧ್ಯಾಹ್ನ ಕಳೆದರೂ ನೀಲಿ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ದನಕ್ಕೆ ಎಂತ ಆಯಿತೋ, ಹಾಲು ಬಿಳಿಯಾಗಲಿಕ್ಕೇ ಒಪ್ಪುವುದಿಲ್ಲವಲ್ಲ ಎಂದರು. ಅಣ್ಣ ಮೆಲ್ಲಗೆ ಸಮಾಧಾನ ಹೇಳಿದರು, ತನ್ನ ಹಿಂಡಿಯನ್ನೇ ಸ್ವಲ್ಪ ಕೊಡುತ್ತೇನೆಂದರು.

ಒಳ್ಳೆಯದು ನೀಲಿಯೇ ಎಂದು ನಾನು ಹೇಳಿದಾಗ ಅಕ್ಕ ಅತ್ತುಕೊಂಡೇ ನಕ್ಕರು. ಅಣ್ಣ ತನ್ನ ಬೆಳ್ಳಗಿನ ಟ್ಯೂಬು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಹಾಲಿನ ಪಾತ್ರೆ ಸರಿಯಾಗಿ ತೊಳೆದು ನಾಳೆ ಇನ್ನೊಮ್ಮೆ ತನ್ನಿ, ನೋಡುವ ಎಂದು ಅವರನ್ನು ಕಳಿಸಿದೆ.

ಮರುದಿನ ಬಾಗಿಲು ತೆರೆಯುವ ಮೊದಲೇ ಅಣ್ಣ ಬಾಟ್ಲಿ ಹಿಡಿದು ನಿಂತಿದ್ದರು. ಒಳಗಿದ್ದ ಹಾಲು ಗಾಢ ನೀಲಿ. ಬಿಳಿ ಅಂಗಿಗೆ ಹಾಕುವ ನೀಲಿಯ ವಾಸನೆ ಬರುತ್ತಿತ್ತು.

"ನಿಮಗೆ ಕೆಲಸ ಕಡಿಮೆಯಾಗಲಿ ಅಂತ," ಎಂದರು, "ಮನೆಯಿಂದಲೇ ಪಾಸ್ ಮಾಡಿ ತಂದೆ."